ಕೋರ್ಡೋಬಾ ಮತ್ತು ಕಲಬುರಗಿ: ಮೇಲಿನಿಂದೊಂದು ನೋಟ



ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಕಲಬುರಗಿಗೆ ಬರುವವರು ಕೋಟೆಯೊಳಗಿನ ಜಾಮಿ ಮಸೀದಿಯನ್ನು ನೋಡಿರುತ್ತಾರೆ. 'ಇದು ಸ್ಪೇನಿನ ಕೋರ್ಡೋಬಾ ಮಸೀದಿಯ ಪಡಿಯಚ್ಚು' ಎಂಬ ಮಾತನ್ನೂ ಕೇಳಿರುತ್ತಾರೆ. ಒಳಗೆ ನಿಂತು ಕಮಾನುಗಳ ಸಾಲು ಕಂಡರೆ ಹೌದೆನಿಸುತ್ತದೆ. ಎರಡನ್ನೂ ಆಕಾಶದಿಂದ ನೋಡಿದರೆ?

ಕೋರ್ಡೋಬಾದ ಮೇಲೆ ವಿಮಾನದಲ್ಲಿ ಸುತ್ತಿದರೆ ಗ್ವಾಡಲ್‌ಕಿವಿರ್ ನದಿ, ಹಳೆಯ ಸೇತುವೆ, ದಡದಲ್ಲಿ ಮಸೀದಿ ಕಾಣುತ್ತವೆ. ಅದಕ್ಕೆ ಉದ್ದುದ್ದ ಸಾಲಿನ ಇಳಿಜಾರು ಮಾಡು. ಉತ್ತರಕ್ಕೆ ಕಿತ್ತಳೆ ಗಿಡಗಳ ತೆರೆದ ಅಂಗಳ. ನಡುವೆ 16ನೇ ಶತಮಾನದಲ್ಲಿ ಎದ್ದ ಚರ್ಚು. ಕಲಬುರಗಿಯದಕ್ಕೆ ಅಂಗಳವೇ ಇಲ್ಲ. ಇಡೀ ಕಟ್ಟಡಕ್ಕೆ ಸೂರು. ಅದರ ಮೇಲೆ ಸಾಲುಸಾಲು ಸಣ್ಣ ಗುಮ್ಮಟ, ಮೂಲೆಗೊಂದರಂತೆ ನಾಲ್ಕು, ಪಶ್ಚಿಮಕ್ಕೆ ಒಂದು ದೊಡ್ಡದು. ಬೆಳಕು ಬರುವುದು ಪಕ್ಕದ ಅಗಲ ಕಮಾನುಗಳಿಂದ.

ಕಾಲವೂ ಹೊಂದುವುದಿಲ್ಲ. ಕೋರ್ಡೋಬಾ 1236ರಲ್ಲೇ ಕ್ರೈಸ್ತ ದೊರೆಯ ವಶವಾಗಿ, ಮಸೀದಿ ಚರ್ಚಾಗಿತ್ತು. ಕಲಬುರಗಿಯದು 131 ವರ್ಷಗಳ ನಂತರ, 1367ರಲ್ಲಿ, ಬಹಮನಿ ಒಂದನೇ ಮಹಮ್ಮದ ಶಹನ ಕಾಲದ್ದು. ಶಾಸನ ಹೆಸರಿಸುವ ರಫಿ ಎಂಬಾತನ ಮೂಲ ಇರಾನಿನ ಕಜ್ವೀನ್.

ಜೇವರ್ಗಿ ದಾರಿಯ ಫಿರೋಜಾಬಾದನ್ನೂ ಹೀಗೆಯೇ ಮೇಲಿನಿಂದ ನೋಡಬೇಕು. 1400ರ ಸುಮಾರಿಗೆ ಫಿರೋಜ ಶಹ ಕಟ್ಟಿಸಿದ ಊರದು. ಮೂರು ಕಡೆ ಕೋಟೆಗೋಡೆ, ನಾಲ್ಕನೆಯ ಕಡೆ ಭೀಮಾ ನದಿಯೇ ಗೋಡೆ. ನೆಲದ ಮೇಲೆ ನಡೆದವನಿಗೆ ಹೊಲ, ಮುಳ್ಳುಕಂಟಿ, ಪಾಳುಗೋಡೆ ಬಿಡಿಬಿಡಿಯಾಗಿ ಕಾಣುತ್ತವೆ. ಮೇಲಿನಿಂದ ಅವೇ ಒಂದು ನಗರವಾಗುತ್ತವೆ.

ಕಲಬುರಗಿ ಮಸೀದಿಯನ್ನು ಪಡಿಯಚ್ಚು ಎಂದು ಕರೆಯುವುದು ಹೊಗಳಿಕೆಯಂತೆ ಕೇಳಿಸುತ್ತದೆ. ಆದರೆ ಈ ನೆಲದಲ್ಲಿ ಹುಟ್ಟಿದ ಹೊಸ ಯೋಚನೆಯನ್ನು ಅದು ಬೇರೆಯವರ ಲೆಕ್ಕಕ್ಕೆ ಬರೆದುಬಿಡುತ್ತದೆ.