ಸೂರ್ಯನ ಮೇಲೊಂದು ಕರಿ ಚುಕ್ಕೆ



ನಸುಕಿಗೆ ಎದ್ದು ತೋಟಕ್ಕೋ ಕಡಲಿಗೋ ಹೊರಡುವ ನಮ್ಮವರಿಗೆ ಬೆಳ್ಳಿ ಮೂಡುವುದು ಹೊಸತಲ್ಲ. ಕೆಲವು ತಿಂಗಳು ಬೆಳಗ್ಗೆ ಮೂಡಣದಲ್ಲಿ, ಕೆಲವು ತಿಂಗಳು ಸಂಜೆ ಪಡುವಣದಲ್ಲಿ ಅದು ಹೊಳೆಯುತ್ತದೆ. ಅದೇ ಶುಕ್ರಗ್ರಹ. ಇಷ್ಟು ಹೊಳೆಯುವ ಬೆಳ್ಳಿ ಹಾಡುಹಗಲಿನಲ್ಲಿ, ಸೂರ್ಯನ ಮುಖದ ಮೇಲೆ, ಸಾಸಿವೆಕಾಳಿನಂಥ ಕರಿ ಚುಕ್ಕೆಯಾಗಿ ಹಾದುಹೋಗುವುದುಂಟು. ಕನ್ನಡದಲ್ಲಿ ಇದನ್ನು ಶುಕ್ರ ಸಂಕ್ರಮಣ ಎನ್ನುತ್ತಾರೆ, ಮಲಯಾಳದಲ್ಲಿ ಶುಕ್ರ ಸಂತರಣ. ಸಂಕ್ರಮಣ ಎಂದೊಡನೆ ನಮಗೆ ತಿಂಗಳ ಸಂಕ್ರಾಂತಿ ನೆನಪಾಗುತ್ತದೆ. ಸಂತರಣ ಎಂದರೆ ಈಚೆ ದಡದಿಂದ ಆಚೆ ದಡಕ್ಕೆ ದಾಟುವುದು. ಶಿರಿಯ ಹೊಳೆಯ ಬದಿಯಲ್ಲಿ ಬೆಳೆದವರಿಗೆ ಈ ಎರಡನೆಯ ಮಾತೇ ಬೇಗ ಅರ್ಥವಾದೀತು. ಎರಡು ಭಾಷೆ ಬಲ್ಲವರಿಗೆ ಇದೊಂದು ಲಾಭ.

ಸುಮಾರು 584 ದಿನಗಳಿಗೊಮ್ಮೆ ಶುಕ್ರನು ನಮಗೂ ಸೂರ್ಯನಿಗೂ ನಡುವೆ ಬರುತ್ತಾನೆ. ಆದರೆ ಅವನ ದಾರಿ ನಮ್ಮ ದಾರಿಗಿಂತ ಮೂರು ಡಿಗ್ರಿಗಿಂತ ತುಸು ಹೆಚ್ಚು ಓರೆ. ಹಾಗಾಗಿ ಹೆಚ್ಚಿನ ಸಲ ಸೂರ್ಯಬಿಂಬದ ಮೇಲಿನಿಂದಲೋ ಕೆಳಗಿನಿಂದಲೋ ಜಾರಿಹೋಗುತ್ತಾನೆ. ನೇರ ಅಡ್ಡ ಬರುವುದು ಬಲು ಅಪರೂಪ. ಎಂಟು ವರ್ಷಗಳ ಅಂತರದಲ್ಲಿ ಎರಡು ಸಲ ಬಂದರೆ, ಮತ್ತೆ ನೂರಕ್ಕೂ ಮಿಕ್ಕಿ ವರ್ಷ ಕಾಯಬೇಕು. 1874 ಮತ್ತು 1882ರಲ್ಲಿ ಬಂದದ್ದು ಮತ್ತೆ ಬಂದದ್ದು 2004ರ ಜೂನ್ 8ಕ್ಕೆ ಮತ್ತು 2012ರ ಜೂನ್ 6ಕ್ಕೆ. ಮುಂದಿನದು 2117ರ ಡಿಸೆಂಬರಿನಲ್ಲಿ.

ಒಂದು ಚುಕ್ಕೆಯನ್ನು ನೋಡಲು ಲೋಕವೆಲ್ಲ ಯಾಕೆ ಓಡಾಡಿತು ಎಂದು ತಾವು ಕೇಳಬಹುದು. ಹೆಬ್ಬೆರಳನ್ನು ಮುಖದ ಎದುರು ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ. ಆಮೇಲೆ ಮತ್ತೊಂದು ಕಣ್ಣು ಮುಚ್ಚಿ ನೋಡಿ. ಬೆರಳು ಹಿಂದಿನ ಗೋಡೆಯ ಮೇಲೆ ಜಾಗ ಬದಲಿಸಿದಂತೆ ಕಾಣುತ್ತದೆ. ಹಾಗೆಯೇ ಭೂಮಿಯ ಎರಡು ದೂರದ ಊರುಗಳಿಂದ ನೋಡಿದರೆ ಶುಕ್ರನು ಸೂರ್ಯನ ಮೇಲೆ ದಾಟುವ ಗೆರೆ ತುಸು ಬೇರೆಯಾಗುತ್ತದೆ, ದಾಟಲು ತಗಲುವ ಹೊತ್ತೂ ಬೇರೆಯಾಗುತ್ತದೆ. ಆ ವ್ಯತ್ಯಾಸದಿಂದ ಸೂರ್ಯ ಎಷ್ಟು ದೂರ ಎಂದು ಲೆಕ್ಕ ಹಾಕಬಹುದೆಂದು ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ 1716ರಲ್ಲಿ ಬರೆದರು. ಮುಂದಿನ ಸಂಕ್ರಮಣ 1761ಕ್ಕೆ. ಹ್ಯಾಲಿ ತೀರಿಕೊಂಡದ್ದು 1742ರಲ್ಲಿ. ತಾವು ನೋಡಲಾರದ ನೋಟಕ್ಕೆ ಅವರು ಮುಂದಿನವರನ್ನು ಸಜ್ಜುಗೊಳಿಸಿಟ್ಟರು. ಅಂಥ ಅಳತೆಗಳ ಫಲವಾಗಿ ಸುಮಾರು 15 ಕೋಟಿ ಕಿಲೋಮೀಟರ್ ಎಂಬ ದೂರ ನಮಗೆ ಹೆಚ್ಚು ಖಚಿತವಾಗಿ ತಿಳಿದುಬಂತು.

ಆ ಅಳತೆಗಾಗಿ ಹೊರಟವರಲ್ಲಿ ಫ್ರಾನ್ಸಿನ ಲೆ ಜಾಂತಿ ಒಬ್ಬರು. ಪುದುಚೇರಿಯಿಂದ ನೋಡಬೇಕೆಂದು ಹಡಗು ಹತ್ತಿದರು. 1761ರ ಮೇ ತಿಂಗಳಲ್ಲಿ ನಮ್ಮ ತೆಂಕಣದ ಮಾಹೆಯ ಕಡಲಿಗೆ ಬಂದಾಗ, ಪುದುಚೇರಿ ಇಂಗ್ಲಿಷರ ವಶವಾಗಿದೆ ಎಂಬ ಸುದ್ದಿ ಸಿಕ್ಕಿತು. ಹಡಗು ಹಿಂದೆ ತಿರುಗಿತು. ನಡುಗಡಲಿನಲ್ಲಿ ಶುಕ್ರನನ್ನು ಕಂಡರೂ ಅಲುಗುವ ಹಡಗಿನಲ್ಲಿ ಅಳತೆ ಸಾಧ್ಯವಾಗಲಿಲ್ಲ. ಎಂಟು ವರ್ಷ ಈ ಕಡೆಯೇ ಕಾದು, 1769ರ ಜೂನ್ 4ರ ಬೆಳಗ್ಗೆ ಪುದುಚೇರಿಯಲ್ಲಿ ಸಜ್ಜಾಗಿ ನಿಂತರೆ ಮೋಡ ಕವಿಯಿತು. ಎಲ್ಲ ಮುಗಿದ ಮೇಲೆ ಬಿಸಿಲು ಬಂತು. 1771ರಲ್ಲಿ ಊರು ಸೇರಿದಾಗ, ಅವರು ತೀರಿಹೋದರೆಂದು ವಾರಸುದಾರರು ಆಸ್ತಿಗೆ ಕೈಹಾಕಿದ್ದರು. ವಾರಸುದಾರರ ಅರ್ಜಿಗಳನ್ನು ಬ್ಯಾಂಕಿನಲ್ಲಿ ಬಹಳ ನೋಡಿದವನು ನಾನು. ನಾವು ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಬದುಕಿದ್ದೇವೆಂದು ಪ್ರಮಾಣಪತ್ರ ಕೊಡುತ್ತೇವಲ್ಲ, ಆ ಮಹಾನುಭಾವರಿಗೆ ಅದಕ್ಕಾಗಿ ಕೋರ್ಟು ಹತ್ತಬೇಕಾಯಿತು.

ಕೇಳುಗರೇ, ಇವರೆಲ್ಲ ಹೊರಗಿನವರಾದರು. ನಮ್ಮವರೊಬ್ಬರನ್ನು ಈಗ ನೆನೆಯೋಣ. 1874ರಲ್ಲಿ ನಮ್ಮ ಈ ನೆಲ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮದ್ರಾಸಿನ ವೀಕ್ಷಣಾಲಯದಲ್ಲಿ ಚಿಂತಾಮಣಿ ರಘುನಾಥಾಚಾರಿ ಎಂಬವರು ಸಹಾಯಕರಾಗಿದ್ದರು. 1867ರಲ್ಲಿ, ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ಕಂಡುಹಿಡಿದು ಹೆಸರು ಪಡೆದವರು. ಆ ವರ್ಷ ಡಿಸೆಂಬರ್ 9ರ ಬೆಳಗ್ಗೆ ಶುಕ್ರ ಸಂಕ್ರಮಣವಿತ್ತು. ಅದು ಏನು, ಯಾಕೆ ಆಗುತ್ತದೆ ಎಂದು ತಿಳಿಸುವ ಕಿರುಪುಸ್ತಕವನ್ನು ಅವರು ಮೊದಲೇ ಬರೆದು, ಇಂಗ್ಲಿಷಿನಲ್ಲಿ ಮಾತ್ರವಲ್ಲ, ದೇಶಭಾಷೆಗಳಲ್ಲೂ ಅಚ್ಚುಹಾಕಿಸಿದರು. ಅವುಗಳಲ್ಲಿ ಕನ್ನಡವೂ ಒಂದು. ಇಬ್ಬರು ಕೂತು ಮಾತಾಡಿಕೊಳ್ಳುವ ಸಂವಾದದ ರೂಪದಲ್ಲಿ ಅದಿದೆ. ಬೆಂಗಳೂರಿನ ಖಗೋಳ ವಿಜ್ಞಾನಿ ಡಾ. ಬಿ. ಎಸ್. ಶೈಲಜಾ ಅವರು ರಘುನಾಥಾಚಾರಿಯವರ ಕುರಿತು ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಇದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಒಂದೇ ಮಾತು. ಆಕಾಶದ ನೋಟಕ್ಕೆ ಟಿಕೇಟು ಬೇಡ, ಗಡಿಯೂ ಇಲ್ಲ. ಆದರೆ ಇಂಥ ದಿನ, ಇಂಥ ಹೊತ್ತಿಗೆ, ಹೀಗೆ ನೋಡಿ ಎಂದು ಯಾರಾದರೂ ನಮ್ಮ ಮಾತಿನಲ್ಲಿ ಮೊದಲೇ ಹೇಳದಿದ್ದರೆ ಅದು ನಮ್ಮ ತಲೆಯ ಮೇಲಿನಿಂದಲೇ ಹಾದುಹೋದರೂ ನಮ್ಮದಾಗುವುದಿಲ್ಲ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನಮ್ಮ ಜಿಲ್ಲೆಯ ಮೇಲೆಯೇ ಹಾದುಹೋಯಿತು. ಚೆರುವತ್ತೂರಿನಲ್ಲಿ ಜನ ಕೂಡಿ ನೋಡಿದರು. ಬಾಗಿಲು ಹಾಕಿ ಒಳಗೆ ಕೂತ ಮನೆಗಳೂ ಇದ್ದವು. ಸ್ನಾನ, ಜಪ, ಉಪವಾಸ ಅವರವರ ನಂಬಿಕೆ. ಅದಕ್ಕೆ ನಾನು ಅಡ್ಡ ಬರುವವನಲ್ಲ. ಆದರೆ ಮಕ್ಕಳನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿದರೆ, ಕಳೆದುಹೋದ ಆ ಬೆಳಗನ್ನು ಅವರಿಗೆ ಮರಳಿ ಕೊಡುವವರಾರು?

ಶುಕ್ರನಿಗಾಗಿ ಇನ್ನು ಕಾಯುವ ಯೋಗ ನಮಗಿಲ್ಲ. ಆದರೆ ಬುಧ ಇದ್ದಾನೆ. 2032ರ ನವೆಂಬರ್ 13, ಶನಿವಾರ, ಮಧ್ಯಾಹ್ನ ಸುಮಾರು 12 ಗಂಟೆ 10 ನಿಮಿಷದಿಂದ ಸಂಜೆ ನಾಲ್ಕೂವರೆಯವರೆಗೆ ಬುಧನು ಸೂರ್ಯನ ಮುಖವನ್ನು ದಾಟುತ್ತಾನೆ. ಮೊದಲಿನಿಂದ ಕೊನೆಯವರೆಗೆ ನಮ್ಮ ಊರಲ್ಲೇ ಕಾಣುವಂಥದ್ದು. ತುಲಾವರ್ಷದ ಮೋಡ ಮಾತ್ರ ದಯೆ ತೋರಬೇಕು. ಬುಧ ಬಲು ಸಣ್ಣವ. ಶುಕ್ರನು ಸೂರ್ಯನ ಅಗಲದ 32ರಲ್ಲಿ ಒಂದು ಪಾಲಿನಷ್ಟು ಕಂಡರೆ, ಇವನು 200ರಲ್ಲಿ ಒಂದು ಪಾಲಿನಷ್ಟು ಮಾತ್ರ. ಬರಿಗಣ್ಣಿಗೆ ಸಿಗುವುದಿಲ್ಲ. ಗ್ರಹಣದ ಕನ್ನಡಕವೂ ಇದಕ್ಕೆ ಸಾಲದು. ದೂರದರ್ಶಕದಿಂದ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿ ನೋಡುವುದು ಒಳ್ಳೆಯ ದಾರಿ. ಆಗ ಹತ್ತಿಪ್ಪತ್ತು ಮಂದಿ ಒಟ್ಟಿಗೆ ನೋಡಬಹುದು. ಆದರೆ ದೂರದರ್ಶಕದೊಳಗೆ ಯಾರೂ ಕಣ್ಣಿಡದಂತೆ ಬದಿಯಲ್ಲಿ ಒಬ್ಬರು ದೊಡ್ಡವರು ನಿಂತಿರಲೇಬೇಕು. ಎಕ್ಸ್‌ರೇ ಹಾಳೆ, ಮಸಿ ಹಿಡಿದ ಗಾಜು, ನೀರಿನ ಬೋಗುಣಿ ಯಾವುದೂ ಬೇಡ. ಕಣ್ಣು ಹೋದರೆ ಮರಳಿ ಬಾರದು.

ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಸಂಘವಿದೆ. ಮಂಗಳೂರಿನ ಪಿಲಿಕುಳದಲ್ಲಿ ತಾರಾಲಯವಿದೆ. ಮಲಯಾಳದಲ್ಲಿ ವಿಜ್ಞಾನ ತಿಳಿಸಲು 1962ರಿಂದ ಶಾಸ್ತ್ರ ಸಾಹಿತ್ಯ ಪರಿಷತ್ತು ದುಡಿಯುತ್ತಿದೆ. ಎರಡೂ ಕಡೆಯವರನ್ನು ಕೇಳಿ ತಿಳಿಯಲು ನಮಗೆ ಭಾಷೆಯ ತೊಡಕಿಲ್ಲ. ನಮ್ಮ ವಾಚನಾಲಯಗಳೂ ಕನ್ನಡ ಶಾಲೆಗಳೂ ಸೇರಿ ಒಂದು ಪುಟದ ಕರಪತ್ರ ಮಾಡಲಿ: ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮಲಯಾಳ. 1874ರಲ್ಲಿ ಮದ್ರಾಸಿನಲ್ಲಿದ್ದವರಿಗೆ ನಮ್ಮ ಭಾಷೆಯ ನೆನಪಾಗಿದ್ದರೆ, 2032ರಲ್ಲಿ ನಮಗೇ ಆಗದಿರಲಿಕ್ಕಿಲ್ಲ.

ದಿನಾಂಕವನ್ನು ಬರೆದಿಟ್ಟುಕೊಳ್ಳಿ, ಮಕ್ಕಳಿಗೆ ಹೇಳಿಡಿ.