ಸಾಲುಮರದ ಚಿಕ್ಕಯ್ಯ

(ಬಾಗಲೂರಿನಲ್ಲಿ ತೋಟದ ಕೆಲಸಗಾರರ ಕುಟುಂಬ ಕೂಟದಲ್ಲಿ ಆಡಿದ ಮಾತು)



ಇವತ್ತು ಒಬ್ಬ ಹಿರಿಯರನ್ನು ನೆನೆಯಲು ನಿಂತಿದ್ದೇನೆ. ಅವರು ನಮ್ಮ ಸಭೆಗೆ ಸೇರಿದವರಲ್ಲ, ನಮ್ಮ ಸಂಘದ ಚೀಟಿ ಪಡೆದವರೂ ಅಲ್ಲ. ಹೆಸರು ಚಿಕ್ಕಯ್ಯ. ಬೆಂಗಳೂರು ದಾಟಿ ಮಾಗಡಿ ತಾಲ್ಲೂಕಿಗೆ ಹೋದರೆ ಕುದೂರು ಎಂಬ ಊರು ಸಿಗುತ್ತದೆ. ಅದರ ಹತ್ತಿರದ ಹುಲಿಕಲ್ ಗ್ರಾಮದ ಕೂಲಿಗಾರರು ಅವರು. ತೀರಿಕೊಂಡದ್ದು 1991ರಲ್ಲಿ. ಇಷ್ಟು ಹೇಳಿದರೆ ನಿಮ್ಮಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಸಾಲುಮರದ ತಿಮ್ಮಕ್ಕನವರ ಯಜಮಾನರು ಎಂದರೆ ಮಾತ್ರ ಗೊತ್ತಾಗುತ್ತದೆ.

ತಿಮ್ಮಕ್ಕನವರು 2025ರ ನವೆಂಬರ್ 14ರಂದು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ವಯಸ್ಸು 114 ಎಂದು ಪತ್ರಿಕೆಗಳು ಬರೆದವು. ದೊಡ್ಡವರೆಲ್ಲ ಬಂದು ಹೂವಿಟ್ಟರು, ಸರ್ಕಾರಿ ಗೌರವ ಸಿಕ್ಕಿತು. ನಾನು ಓದಿದ ಸುದ್ದಿಗಳಲ್ಲಿ ಚಿಕ್ಕಯ್ಯನವರಿಗೆ ಸಿಕ್ಕಿದ್ದು ಒಂದೊಂದೇ ಸಾಲು: ‘ಪತಿಯೊಂದಿಗೆ ಸೇರಿ ಮರ ಬೆಳೆಸಿದರು’ ಎಂದು. ಆ ಒಂದು ಸಾಲಿನೊಳಗೆ ಏನೇನು ಇತ್ತು ಎಂದು ಸ್ವಲ್ಪ ಬಿಡಿಸಿ ನೋಡೋಣ. ತಿಮ್ಮಕ್ಕನವರ ಕೀರ್ತಿಯಿಂದ ಒಂದು ಎಲೆ ಕಿತ್ತು ಗಂಡನಿಗೆ ಕೊಡಬೇಕೆಂಬ ಆಸೆ ನನಗಿಲ್ಲ. ಹೆಣ್ಣಾಳಿನ ದುಡಿಮೆಗೆ ಹೆಸರು ಬರುವುದೇ ಅಪರೂಪ, ಬಂದದ್ದು ಅಲ್ಲೇ ಇರಲಿ. ಆದರೆ ಗಂಡಸರು ತಿಳಿಯಬೇಕಾದ ಸಂಗತಿ ಈ ಚಿಕ್ಕಯ್ಯನವರಲ್ಲಿ ಇದೆ.

ಅವರನ್ನು ಬಿಕ್ಕಲ ಚಿಕ್ಕಯ್ಯ ಎಂದು ಕರೆಯುತ್ತಿದ್ದರು. ಬಿಕ್ಕಲ ಎಂದರೆ ಮಾತು ತಡೆದು ತಡೆದು ಬರುವವನು ಎಂದು ನಿಮಗೆ ಗೊತ್ತು. ನಮ್ಮ ಹಳ್ಳಿಗಳಲ್ಲಿ ಒಬ್ಬ ಬಡವನಿಗೆ ಹೆಸರಿಡುವುದೇ ಹೀಗೆ. ಕುಂಟನಿಗೆ ಕುಂಟ, ಕಪ್ಪಗಿದ್ದವನಿಗೆ ಕರಿಯ. ಅದನ್ನು ಅವನು ಸಾಯುವ ತನಕ ಹೊರಬೇಕು. ತಿಮ್ಮಕ್ಕನವರು ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದವರು. ಶಾಲೆಯ ಮೆಟ್ಟಿಲು ಹತ್ತಲಿಲ್ಲ, ಕಲ್ಲಿನ ಕ್ವಾರಿಯಲ್ಲಿ ಕೂಲಿ ಮಾಡಿದರು. ಕ್ವಾರಿಯ ಕೂಲಿ ಎಂದರೆ ಏನೆಂದು ಕೃಷ್ಣಗಿರಿ ಜಿಲ್ಲೆಯಲ್ಲಿ ಕುಳಿತವರಿಗೆ ನಾನು ಹೇಳಬೇಕಾಗಿಲ್ಲ. ಹುಲಿಕಲ್ಲಿಗೆ ಸೊಸೆಯಾಗಿ ಬಂದ ಮೇಲೂ ಕೂಲಿಯೇ. ಗಂಡನೂ ಕೂಲಿ, ಹೆಂಡತಿಯೂ ಕೂಲಿ.

ವರ್ಷಗಳು ಕಳೆದವು, ಮಕ್ಕಳಾಗಲಿಲ್ಲ. ಜನ ಆಡಿಕೊಂಡದ್ದನ್ನೂ ತಾವು ನೊಂದದ್ದನ್ನೂ ತಿಮ್ಮಕ್ಕನವರೇ ಮುಂದೆ ಎಷ್ಟೋ ಸಲ ಹೇಳಿದ್ದಾರೆ. ಜಕರೀಯ ಎಲಿಸಬೇತರ ಕಥೆ ನಮ್ಮ ಮಕ್ಕಳಿಗೂ ಬಾಯಿಪಾಠ. ಅಲ್ಲಿ ಮುಪ್ಪಿನಲ್ಲಿ ಮಗು ಹುಟ್ಟಿತು, ಆಡಿಕೊಂಡವರ ಬಾಯಿ ಮುಚ್ಚಿತು. ಹುಲಿಕಲ್ಲಿನಲ್ಲಿ ಮಗು ಹುಟ್ಟಲಿಲ್ಲ. ಬಾಯಿಗಳು ತೆರೆದೇ ಇದ್ದವು.

ಇಂಥ ಹೊತ್ತಿನಲ್ಲಿ ಆ ಕಾಲದ ಗಂಡಸಿಗೆ ಎರಡು ದಾರಿ ಸುಲಭವಾಗಿದ್ದವು. ಇವಳನ್ನು ತವರಿಗೆ ಅಟ್ಟುವುದು ಒಂದು, ಇವಳು ಮನೆಯಲ್ಲಿರುವಾಗಲೇ ಇನ್ನೊಬ್ಬಳನ್ನು ತರುವುದು ಇನ್ನೊಂದು. ಎರಡಕ್ಕೂ ಊರಿನ ಒಪ್ಪಿಗೆ ಇತ್ತು. ‘ವಂಶ ಉದ್ಧಾರ ಆಗಬೇಡವೇ?’ ಎಂದು ಕೇಳುವ ಹಿರಿಯರು ಆಗಲೂ ಇದ್ದರು, ನಮ್ಮ ಲೈನ್ ಮನೆಗಳ ಮುಂದೆ ಈಗಲೂ ಇದ್ದಾರೆ. ಚಿಕ್ಕಯ್ಯನವರು ಆ ಎರಡು ದಾರಿಯಲ್ಲಿ ಯಾವುದನ್ನೂ ಹಿಡಿಯಲಿಲ್ಲ. ಹೆಂಡತಿಯ ಜೊತೆ ಕುದೂರಿನ ದಾರಿ ಹಿಡಿದರು. ಕೈಯಲ್ಲಿ ಆಲದ ಸಸಿ.

ಈಗ ಕೆಲಸದ ಮಾತಿಗೆ ಬರುತ್ತೇನೆ. ನನಗೆ ಇದೇ ಹೆಚ್ಚು ಇಷ್ಟ.

ಹುಲಿಕಲ್ಲಿನ ಸುತ್ತ ಆಲದ ಮರಗಳು ಬಹಳ. ಸಸಿಯನ್ನು ಯಾರ ಹತ್ತಿರವೂ ಕೊಳ್ಳಲಿಲ್ಲ, ಆ ಮರಗಳಿಂದಲೇ ಎಬ್ಬಿಸಿದರು. ಮೊದಲ ವರ್ಷ 10 ಸಸಿ ನೆಟ್ಟರು. ಎರಡನೆಯ ವರ್ಷ 15, ಮೂರನೆಯ ವರ್ಷ 20. ಈ ಲೆಕ್ಕವನ್ನು ಗಮನಿಸಿ. ಬರೀ ಉತ್ಸಾಹದ ಜನ ಮೊದಲ ವರ್ಷವೇ ನೂರು ನೆಡುತ್ತಾರೆ, ಫೋಟೋ ತೆಗೆಸುತ್ತಾರೆ, ಬೇಸಿಗೆಗೆ ನೂರೂ ಒಣಗುತ್ತವೆ. ಇವರು ತಮ್ಮ ಕೈಲಿ ಎಷ್ಟನ್ನು ಉಳಿಸಲಾದೀತು ಎಂದು ನೋಡಿ ಅಷ್ಟೇ ನೆಟ್ಟರು. ಅವು ಬದುಕಿದ ಮೇಲೆ ಮುಂದಿನ ವರ್ಷ ಐದು ಹೆಚ್ಚು. ಕಸುಬು ಬಲ್ಲವರ ಲೆಕ್ಕ ಇದು.

ನೀರಿನ ಲೆಕ್ಕ ಇನ್ನೂ ಕಷ್ಟದ್ದು. ಇಬ್ಬರೂ ಸೇರಿ ನಾಲ್ಕು ಕೊಡ ನೀರನ್ನು ನಾಲ್ಕು ಕಿಲೋಮೀಟರು ಹೊತ್ತು ಹಾಕುತ್ತಿದ್ದರು ಎಂದು ಅವರ ಕಥೆ ಬರೆದವರೆಲ್ಲ ಹೇಳುತ್ತಾರೆ. ಒಂದು ಕೊಡಕ್ಕೆ 12 ಲೀಟರ್ ಎಂದು ಹಿಡಿಯಿರಿ. ನಾಲ್ಕು ಕೊಡಕ್ಕೆ 48 ಲೀಟರ್. ಹತ್ತು ಸಸಿಗೆ ಹಂಚಿದರೆ ಒಂದಕ್ಕೆ ಐದು ಲೀಟರ್ ಕೂಡ ಬರುವುದಿಲ್ಲ. ಮೂರನೆಯ ವರ್ಷಕ್ಕೆ ಒಟ್ಟು 45 ಸಸಿಯಾದವು, ಎಲ್ಲಕ್ಕೂ ಹಾಕುತ್ತೇವೆಂದರೆ ಒಂದಕ್ಕೆ ಒಂದು ಲೀಟರಿಗಿಂತ ಚೂರು ಹೆಚ್ಚು. ಹೊತ್ತದ್ದು ಎಲ್ಲಿಗೂ ಸಾಲದು. ಆದ್ದರಿಂದ ನೆಡುವುದನ್ನು ಮಳೆಗಾಲಕ್ಕೆ ಹೊಂದಿಸಿಕೊಂಡರು. ಮಳೆ ಬೀಳುವಾಗ ನೆಟ್ಟರೆ ಮೊದಲ ನೀರು ಆಕಾಶದ್ದು. ಮುಂದಿನ ಮಳೆಗಾಲ ಬರುವ ಹೊತ್ತಿಗೆ ಸಸಿ ಬೇರೂರಿರುತ್ತದೆ, ಆಮೇಲೆ ಅದು ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ. ನಡುವಿನ ಒಂದು ಬೇಸಿಗೆಯನ್ನು ದಾಟಿಸಿದರೆ ಗೆದ್ದಂತೆ. ಆ ಒಂದು ಬೇಸಿಗೆಗಾಗಿ ಕೊಡ ಹೊರುವುದು.

ಇನ್ನು ದನ, ಮೇಕೆ. ಆಲದ ಎಳೆ ಎಲೆ ಎಂದರೆ ಮೇಕೆಗೆ ಪಾಯಸ. ಪ್ರತಿ ಸಸಿಯ ಸುತ್ತಲೂ ಮುಳ್ಳಿನ ಬೇಲಿ ಕಟ್ಟಿದರು. ಒಮ್ಮೆ ಕಟ್ಟಿದರೆ ಮುಗಿಯುವ ಕೆಲಸವೂ ಅಲ್ಲ ಅದು. ಮುಳ್ಳು ಒಣಗಿ ಕುಸಿಯುತ್ತದೆ, ಯಾರೋ ಒಲೆಗೆಂದು ಎಳೆದುಕೊಂಡು ಹೋಗುತ್ತಾರೆ, ಮತ್ತೆ ಕಡಿದು ತಂದು ಕಟ್ಟಬೇಕು. ಇದೆಲ್ಲ ನಡೆದದ್ದು ಕೂಲಿ ಕೆಲಸದ ಜೊತೆಗೆ, ತಮ್ಮ ಕೈಯಿಂದಲೇ ಹಾಕಿ.

ನೀರು ಹೊರುವುದರ ಬಗ್ಗೆ ಇನ್ನೊಂದು ಮಾತು. ನಮ್ಮ ಊರುಗಳಲ್ಲಿ ಕೊಡ ಹೆಂಗಸಿನ ಸೊಂಟಕ್ಕೆ ಸೇರಿದ್ದು. ಬೆಳಿಗ್ಗೆ ನಲ್ಲಿಯ ಮುಂದೆ ನಿಂತ ಸಾಲಿನಲ್ಲಿ ಮೀಸೆ ಇರುವ ಮುಖ ಎಷ್ಟು ಕಾಣುತ್ತವೆ, ನೀವೇ ಹೇಳಿ. ಚಿಕ್ಕಯ್ಯನವರು ಹೆಂಡತಿಯ ಪಕ್ಕದಲ್ಲಿ ಕೊಡ ಹೊತ್ತು ನಾಲ್ಕು ಕಿಲೋಮೀಟರು ಊರೆಲ್ಲ ನೋಡುವ ರಸ್ತೆಯಲ್ಲಿ ನಡೆದರು. ಮಕ್ಕಳಿಲ್ಲದವನು ಗಿಡಕ್ಕೆ ನೀರು ಹೊರುತ್ತಾನೆ ಎಂದು ಆಡಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ನೋಟ ಬೇಕೇ? ಒಂದು ದಿನ ನಡೆದದ್ದಲ್ಲ, ವರ್ಷವರ್ಷ ನಡೆದರು. ಗಂಡನ ಪ್ರೀತಿ ಎಂದರೆ ಏನು ಎಂದು ಮದುವೆಗೆ ಮುಂಚಿನ ತರಗತಿಯಲ್ಲಿ ಹುಡುಗರಿಗೆ ಹೇಳಬೇಕಾಗಿ ಬಂದಾಗ ನಾನು ಈ ಕೊಡದ ವಿಷಯ ಹೇಳುತ್ತೇನೆ. ಕೆಲವರು ನಗುತ್ತಾರೆ. ನಗಲಿ.

ಹೀಗೆ ಹುಲಿಕಲ್ಲಿಗೂ ಕುದೂರಿಗೂ ನಡುವೆ, ಸುಮಾರು ನಾಲ್ಕು ಕಿಲೋಮೀಟರಿನ ಉದ್ದಕ್ಕೆ 385 ಆಲದ ಮರ ಎದ್ದು ನಿಂತವು. ಆ ಮರಗಳಿಗೆ ಯಾರೋ ಬೆಲೆ ಕಟ್ಟಿ ಸುಮಾರು 15 ಲಕ್ಷ ರೂಪಾಯಿ ಎಂದು ಹೇಳಿದರು. ಮರಗಳ ಜವಾಬ್ದಾರಿಯನ್ನು ಆಮೇಲೆ ಸರ್ಕಾರವೇ ವಹಿಸಿಕೊಂಡಿತು. ನೆಟ್ಟವರಿಗೆ ಆ ದಿನಗಳ ಕೂಲಿ ಎಂದು ಬಂದದ್ದು ಸೊನ್ನೆ.

ಚಿಕ್ಕಯ್ಯನವರನ್ನು ಏನೆಂದು ಕರೆಯಬೇಕು? ಬರೆದವರೆಲ್ಲ ‘ಕೂಲಿ ಕಾರ್ಮಿಕ’ ಎನ್ನುತ್ತಾರೆ. ನನ್ನ ಕೇಳಿದರೆ ಅವರು ಪಳಗಿದ ಕಸುಬುದಾರರು. ಯಾವ ಆಲದಿಂದ ಸಸಿ ಎಬ್ಬಿಸಬೇಕು, ಯಾವ ಮಳೆಗೆ ನೆಡಬೇಕು, ಎಷ್ಟು ನೆಟ್ಟರೆ ಉಳಿಸಬಹುದು, ಬೇಲಿ ಎಷ್ಟು ಎತ್ತರ ಇರಬೇಕು, ಇದನ್ನೆಲ್ಲ ಬಲ್ಲವನಿಗೆ ಪಟ್ಟಣದಲ್ಲಿ ಒಂದು ಪದವಿಯ ಹೆಸರಿದೆ, ಕುರ್ಚಿಯಿದೆ, ಸಂಬಳವಿದೆ. ಹಳ್ಳಿಯಲ್ಲಿ ಅದಕ್ಕೆ ಕೂಲಿ ಎಂಬ ಒಂದೇ ಹೆಸರು.

ಇದು ನಮಗೆ ದೂರದ ಮಾತಲ್ಲ. ಬಾಗಲೂರು, ಹೊಸೂರಿನ ಕಡೆಯ ಗುಲಾಬಿ ಊರೂರಿಗೆ ಹೋಗುತ್ತದೆ, ಗುಲಾಬಿ ಸಸಿಯೂ ಹೋಗುತ್ತದೆ. ಕಾಡು ಗುಲಾಬಿಯ ಬುಡಕ್ಕೆ ಒಳ್ಳೆಯ ಜಾತಿಯ ಕಣ್ಣನ್ನು ಸೇರಿಸಿ, ಗಾಳಿ ಹೋಗದ ಹಾಗೆ ಪಟ್ಟಿ ಸುತ್ತುವ ಅಕ್ಕಂದಿರು ಈ ಸಭೆಯಲ್ಲೇ ಕೂತಿದ್ದೀರಿ. ತೊಗಟೆಯನ್ನು ಒಂದು ಕೂದಲೆಳೆ ಹೆಚ್ಚು ಆಳಕ್ಕೆ ಕೊಯ್ದರೂ ಕಣ್ಣು ಸಾಯುತ್ತದೆ. ಈ ಕೈಚಳಕ ಎರಡು ದಿನದಲ್ಲಿ ಬರುವುದಿಲ್ಲ. ವೇತನದ ಕಾನೂನಿನಲ್ಲಿ ಕುಶಲ, ಅರೆಕುಶಲ, ಅಕುಶಲ ಎಂಬ ವಿಂಗಡಣೆ ಇದೆ. ಆದರೆ ನಾನು ಸಂಘದ ಕೆಲಸಕ್ಕೆಂದು ಹೋಗಿ ನೋಡಿದ ಒಂದು ತೋಟದ ಹಾಜರಿ ಪುಸ್ತಕದಲ್ಲಿ, ಹದಿನೈದು ವರ್ಷದಿಂದ ಕಸಿ ಕಟ್ಟುತ್ತಿರುವ ಹೆಂಗಸಿನ ಹೆಸರಿನ ಮುಂದೆಯೂ ನಿನ್ನೆ ಸೇರಿ ಕಳೆ ಕೀಳುವ ಹುಡುಗಿಯ ಹೆಸರಿನ ಮುಂದೆಯೂ ಬರೆದಿದ್ದದ್ದು ಒಂದೇ ಪದ, ಕೊಟ್ಟದ್ದೂ ಒಂದೇ ಕೂಲಿ. ಮೇಸ್ತ್ರಿಯನ್ನು ಕೇಳಿದರೆ ‘ಎಲ್ಲಾ ತೋಟದ ಕೆಲಸಾನೇ ಅಲ್ವಾ ಸಾರ್’ ಎಂದ.

ಚಿಕ್ಕಯ್ಯನವರ ನಂತರದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಅದು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. 1991ರಲ್ಲಿ ಅವರು ಹೋದಾಗ ಮರಗಳಿಗೆ ಇನ್ನೂ ಹೆಸರು ಬಂದಿರಲಿಲ್ಲ. ಬಂದದ್ದು ಆಮೇಲೆ. 1995ರಲ್ಲಿ ರಾಷ್ಟ್ರೀಯ ನಾಗರಿಕ ಪ್ರಶಸ್ತಿ. 2019ರಲ್ಲಿ ಪದ್ಮಶ್ರೀ. ಆವತ್ತು ಪ್ರಶಸ್ತಿ ಕೊಡುತ್ತಿದ್ದ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ತಲೆ ಮುಟ್ಟಿ ತಿಮ್ಮಕ್ಕನವರು ಹರಸಿದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರಬಹುದು. ಅಮೆರಿಕದಲ್ಲಿ ಒಂದು ಪರಿಸರ ಸಂಸ್ಥೆಗೆ ಅವರ ಹೆಸರಿಟ್ಟರು. ಇಷ್ಟೆಲ್ಲ ಹಾರ ಬೀಳುತ್ತಿದ್ದ ಕಾಲದಲ್ಲೇ ತಿಂಗಳಿಗೆ 500 ರೂಪಾಯಿ ಪಿಂಚಣಿಯಲ್ಲಿ ಅವರು ದಿನ ದೂಡಿದ ವರ್ಷಗಳೂ ಇದ್ದವು. ವೇದಿಕೆಗೆ ಕರೆದೊಯ್ಯಲು ಕಾರು ಬರುತ್ತಿತ್ತು, ಮನೆಯಲ್ಲಿ ಅಕ್ಕಿ ಇದೆಯೇ ಎಂದು ಕೇಳುವವರು ಕಡಿಮೆ. ಆ ಸನ್ಮಾನಗಳಲ್ಲಿ ಕೆಲವನ್ನು ನೆನೆದರೆ ನನಗೆ ಸಿಟ್ಟೇ ಬರುತ್ತದೆ.

2019ರಲ್ಲಿಯೇ ಇನ್ನೊಂದು ನಡೆಯಿತು. ಬಾಗೇಪಲ್ಲಿ–ಹಲಗೂರು ರಸ್ತೆಯನ್ನು ಅಗಲ ಮಾಡುವಾಗ ಈ ಮರಗಳಿಗೂ ಕೊಡಲಿ ಬೀಳುವ ಭಯ ಬಂತು. ನೂರು ದಾಟಿದ ಆ ಮುದುಕಿ ಮುಖ್ಯಮಂತ್ರಿ ಕುಮಾರಸ್ವಾಮಿಯವರಿಗೆ ಮನವಿ ಕೊಟ್ಟರು. ಮರ ಕಡಿಯದೆ ಬೇರೆ ದಾರಿ ನೋಡುವುದಾಗಿ ಸರ್ಕಾರ ಒಪ್ಪಿತು. ಚಿಕ್ಕಯ್ಯನವರು ಸತ್ತು ಇಪ್ಪತ್ತೆಂಟು ವರ್ಷವಾಗಿತ್ತು ಆಗ. ಇಬ್ಬರೂ ಸೇರಿ ಕಟ್ಟಿದ ಬೇಲಿಯನ್ನು ಅವರು ಇನ್ನೂ ಕಾಯುತ್ತಲೇ ಇದ್ದರು.

ತಿಮ್ಮಕ್ಕನವರಿಗೆ ಒಂದು ಆಸೆ ಇತ್ತು. ತಮ್ಮ ಊರಲ್ಲಿ ಗಂಡನ ನೆನಪಿಗೆ ಒಂದು ಆಸ್ಪತ್ರೆ ಕಟ್ಟಿಸಬೇಕು ಎಂಬುದು. ಅದಕ್ಕಾಗಿ ಒಂದು ಟ್ರಸ್ಟನ್ನೂ ಮಾಡಿದ್ದರು. ಒಬ್ಬ ಕೂಲಿಯ ವಿಧವೆ ಗಂಡನ ಹೆಸರಿಗೆ ಕಲ್ಲು ನಿಲ್ಲಿಸಲು ಕೇಳಲಿಲ್ಲ, ಮಂಟಪ ಕೇಳಲಿಲ್ಲ, ಆಸ್ಪತ್ರೆ ಕೇಳಿದರು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಗಾಡಿ ಹುಡುಕುತ್ತಾ ಓಡುವ ನಮ್ಮ ಲೈನಿನವರಿಗೆ ಇದರ ಅರ್ಥವನ್ನು ವಿವರಿಸುವ ಅಗತ್ಯ ಇಲ್ಲ. ಅಷ್ಟು ಪ್ರಶಸ್ತಿಗಳ ಪಟ್ಟಿ ನಮಗೆ ನೆನಪಿರುವುದು ಬೇಡ, ಈ ಒಂದು ಬೇಡಿಕೆ ನೆನಪಿರಲಿ. ಹೆಂಡತಿ ಗಂಡನನ್ನು ಮೂವತ್ತು ವರ್ಷ ದಾಟಿದರೂ ಹಾಗೆ ನೆನೆಯಬೇಕಾದರೆ ಅವರು ಯಾವ ತರಹದ ಗಂಡನಾಗಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ನಾನು ಹುಡುಕಿಲ್ಲ.

ಕೊನೆಗೆ ನಮ್ಮ ಕೆಲಸ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಯಾರೂ ಮನೆಗೆ ಹೋಗಬೇಡಿ. ಕಸಿ ಕಟ್ಟುವವರು, ಸವರುವ ಕೆಲಸದವರು, ಪಾಲಿಹೌಸಿನ ಪೈಪು ನೋಡುವವರು, ಔಷಧಿ ಬೆರೆಸುವವರು, ಎಲ್ಲರೂ ನಿಮ್ಮ ಹೆಸರು, ಕೆಲಸಕ್ಕೆ ಸೇರಿದ ವರ್ಷ, ಯಾವ ಕೆಲಸ ಬರುತ್ತದೆ, ಈಗ ಬಟವಾಡೆಯಲ್ಲಿ ಕೈಗೆ ಎಷ್ಟು ಬರುತ್ತದೆ ಎಂಬುದನ್ನು ಒಂದು ಕಾಗದದ ಮೇಲೆ ಬರೆದು ತನ್ನಿ. ಕನ್ನಡ, ತಮಿಳು, ತೆಲುಗು, ಯಾವುದರಲ್ಲಿ ಬರೆದರೂ ಸರಿ. ಗಂಡ ಹೆಂಡತಿ ಇಬ್ಬರೂ ಒಂದೇ ತೋಟದಲ್ಲಿದ್ದರೆ ಇಬ್ಬರ ಹೆಸರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಬರೆಯಲು ಬಾರದವರು ಸ್ವಲ್ಪ ಬೇಗ ಬನ್ನಿ, ನಾನು ಬರೆದುಕೊಡುತ್ತೇನೆ.