ಮುದುಡಿದ ಕೈಗಳ ಚಿಕಿತ್ಸೆ
(ಸಾವರ್ಡೆಯ ಕನ್ನಡ ಶಾಲೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳ ಹಾಡು, ನಾಟಕಗಳ ನಡುವೆ ರೋಗವೊಂದರ ವಿಷಯವನ್ನು ಎತ್ತುವುದು ಉಚಿತವೇ ಎಂದು ಕಾರ್ಯದರ್ಶಿಗಳನ್ನು ಕೇಳಿದ್ದೆನು. “ಬೇರೆ ಸಭೆಗೆ ಈ ಜನ ಬರುವುದಿಲ್ಲ; ಮಕ್ಕಳ ಸಭೆಗೆ ತಂದೆ ತಾಯಿ ಇಬ್ಬರೂ ಬರುತ್ತಾರೆ, ಇಲ್ಲಿಯೇ ಹೇಳಿರಿ” ಎಂದರು. ಅವರ ಮಾತು ಸರಿಯೆನಿಸಿತು. ಇಲ್ಲಿ ಕುಳಿತವರಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದ ಕ್ಯಾಸಲ್‌ರಾಕಿನ ಘಟ್ಟವಿಳಿದು ಬಂದವರು. ಕೈಗಳನ್ನು ನಂಬಿ ಬಂದವರು. ಕಲ್ಲು ಹೊರುವ ಕೈ, ಅದಿರು ತುಂಬಿದ ಕೈ, ಲಾರಿಯ ಚಕ್ರ ತಿರುಗಿಸುವ ಕೈ, ಮನೆಮನೆಯ ಪಾತ್ರೆ ತೊಳೆಯುವ ಕೈ. ಆದುದರಿಂದ ಕೈಗಳನ್ನು ಕೆಡಿಸುವ ಒಂದು ಚರ್ಮರೋಗದ ಬಗೆಗೂ, ಕೆಟ್ಟ ಕೈಯನ್ನು ಶಸ್ತ್ರಚಿಕಿತ್ಸೆಯಿಂದ ಮತ್ತೆ ದುಡಿಯುವಂತೆ ಮಾಡುವ ಬಗೆಗೂ ಮಾತನಾಡುತ್ತೇನೆ. ಕುಷ್ಠರೋಗವೆಂದರೆ ಮುಖ ತಿರುಗಿಸುವ ವಾಡಿಕೆ ನಮ್ಮಲ್ಲಿ ಹಳೆಯದು. ಈ ಅರ್ಧ ಗಂಟೆ ದಯವಿಟ್ಟು ತಿರುಗಿಸಬೇಡಿರಿ.

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕು. ಹಾಲಿನಂತೆ ಬೆಳ್ಳಗಾಗುವ ತೊನ್ನನ್ನು ಕೆಲವರು ಬಿಳಿಯ ಕುಷ್ಠವೆನ್ನುತ್ತಾರೆ. ಅದು ಶುದ್ಧ ತಪ್ಪು. ತೊನ್ನು ಅಂಟುವ ರೋಗವಲ್ಲ, ಅದರಲ್ಲಿ ಚರ್ಮದ ಬಣ್ಣ ಹೋಗುತ್ತದೆ, ಸ್ಪರ್ಶಜ್ಞಾನ ಹೋಗುವುದಿಲ್ಲ. ಕುಷ್ಠದ ಮಚ್ಚೆ ಸಾಮಾನ್ಯವಾಗಿ ಮಾಸಲು ಬಣ್ಣದ್ದು ಅಥವಾ ಕೆಂಪುಛಾಯೆಯದು. ಅದರ ಮೇಲೆ ಹತ್ತಿಯ ಎಳೆಯನ್ನು ಆಡಿಸಿದರೆ ಎಷ್ಟೋ ಸಲ ತಿಳಿಯುವುದೇ ಇಲ್ಲ. ನೋವಿಲ್ಲ, ತುರಿಕೆಯಿಲ್ಲ. ನೋವಿಲ್ಲದ್ದರಿಂದಲೇ ಜನರು ಅದನ್ನು ವರುಷಗಟ್ಟಲೆ ಅಲಕ್ಷಿಸುತ್ತಾರೆ.

ನಾರ್ವೆ ದೇಶದ ಬರ್ಗೆನ್ ನಗರದ ವೈದ್ಯ ಆರ್ಮೌರ್ ಹ್ಯಾನ್ಸನ್ ೧೮೭೩ರಲ್ಲಿ ಈ ರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದನು. ಪೂರ್ವಜನ್ಮದ ಪಾಪ, ದೇವರ ಶಾಪ, ವಂಶದ ದೋಷ ಎಂಬ ಮಾತುಗಳಿಗೆ ಅಂದೇ ಮುಕ್ತಾಯವಾಗಬೇಕಾಗಿತ್ತು, ಆಗಲಿಲ್ಲ. ಈ ಜೀವಾಣು ಬಹು ಮಂದಗತಿಯದು. ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಮೈಯನ್ನು ಹೊಕ್ಕ ಮೇಲೆ ಚಿಹ್ನೆ ತೋರಲು ಸರಾಸರಿ ಐದು ವರುಷ, ಕೆಲವೊಮ್ಮೆ ಇಪ್ಪತ್ತು ವರುಷವೂ ಹಿಡಿಯುತ್ತದೆ. ಬಹುಮಂದಿಗೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಒಂದು ಸಲ ಕೈ ಮುಟ್ಟಿದ ಮಾತ್ರಕ್ಕೆ, ಒಂದು ಬೆಂಚಿನಲ್ಲಿ ಕುಳಿತ ಮಾತ್ರಕ್ಕೆ ಇದು ಅಂಟುವುದಿಲ್ಲ. ಚಿಕಿತ್ಸೆ ಮೊದಲಾದ ಅಲ್ಪಕಾಲದಲ್ಲಿಯೇ ರೋಗಿಯಿಂದ ಇತರರಿಗೆ ಹರಡುವ ಭಯವೂ ತೊಲಗುತ್ತದೆ.

ಔಷಧದ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸುಶ್ರುತನ ಕಾಲದಿಂದ ತುವರಕದ ಎಣ್ಣೆ ಬಳಕೆಯಲ್ಲಿತ್ತು; ಆ ಜಾತಿಯ ಮರ ನಮ್ಮ ಪಶ್ಚಿಮಘಟ್ಟದಲ್ಲಿಯೂ ಇದೆ, ಕನ್ನಡದಲ್ಲಿ ಗರುಡಫಲವೆನ್ನುತ್ತೇವೆ. ೧೯೪೦ರ ದಶಕದಲ್ಲಿ ಡ್ಯಾಪ್ಸೋನ್ ಎಂಬ ಗುಳಿಗೆ ಬಂದಿತು. ಅದೊಂದಕ್ಕೇ ರೋಗಾಣು ಬಗ್ಗದಾದಾಗ, ರಿಫಾಂಪಿಸಿನ್, ಕ್ಲೊಫಾಜಿಮಿನ್‌ಗಳನ್ನು ಅದರೊಡನೆ ಸೇರಿಸಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ೧೯೮೧ರಲ್ಲಿ ಸೂಚಿಸಿದರು. ರೋಗದ ಪ್ರಮಾಣವನ್ನು ನೋಡಿ ಆರು ತಿಂಗಳು ಅಥವಾ ಹನ್ನೆರಡು ತಿಂಗಳು ತೆಗೆದುಕೊಂಡರೆ ರೋಗ ವಾಸಿಯಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಕಾಸು ಕೊಡಬೇಕಾದ್ದಿಲ್ಲ.

ಹಾಗಾದರೆ ಶಸ್ತ್ರಚಿಕಿತ್ಸೆ ಏಕೆ? ಗುಳಿಗೆಯು ರೋಗಾಣುವನ್ನು ಕೊಲ್ಲುತ್ತದೆ, ಆದರೆ ಅಷ್ಟರೊಳಗೆ ಸತ್ತ ನರವನ್ನು ಬದುಕಿಸಲಾರದು. ಈ ಜೀವಾಣುವಿಗೆ ಮೈಯ ತಂಪು ಭಾಗಗಳು ಪ್ರಿಯ: ಕಿವಿಯ ಹಾಲೆ, ಮೂಗು, ಚರ್ಮದ ಸಮೀಪದಲ್ಲಿ ಹಾಯುವ ನರಗಳು. ಮೊಣಕೈಯ ಒಳಮಗ್ಗುಲಿನ ಗೂಟದ ಹಿಂದೆ ಒಂದು ನರವಿದೆ. ಆಕಸ್ಮಿಕವಾಗಿ ಅಲ್ಲಿ ಪೆಟ್ಟು ಬಿದ್ದರೆ ಕಿರುಬೆರಳಿನವರೆಗೆ ಜುಮ್ಮೆನ್ನುವುದು ಎಲ್ಲರಿಗೂ ಗೊತ್ತು. ಆ ನರ ಊದಿ ಕೆಟ್ಟಿತೆಂದರೆ ಅಂಗೈಯೊಳಗಿನ ಸಣ್ಣ ಸ್ನಾಯುಗಳು ನಿಶ್ಚೇಷ್ಟಿತವಾಗುತ್ತವೆ. ಕಿರುಬೆರಳು, ಉಂಗುರ ಬೆರಳು ಮೊದಲು ಕೊಕ್ಕೆಯಂತೆ ಮುದುಡುತ್ತವೆ. ಇನ್ನೊಂದು ನರವೂ ಕೆಟ್ಟರೆ ಐದೂ ಬೆರಳು ಹೋಗುತ್ತವೆ. ನರದ ಈ ದೌರ್ಬಲ್ಯ ಆರು ತಿಂಗಳಿನೊಳಗೆ ಗೊತ್ತಾದರೆ ಔಷಧದಿಂದಲೇ ಎಷ್ಟೋ ಮಟ್ಟಿಗೆ ಸರಿಪಡಿಸಬಹುದು. ತಡವಾದರೆ ಉಳಿಯುವ ದಾರಿ ಶಸ್ತ್ರಕ್ರಿಯೆಯೊಂದೇ.

ಈ ದಾರಿಯನ್ನು ಜಗತ್ತಿಗೆ ತೋರಿಸಿದ್ದು ನಮ್ಮ ದಕ್ಷಿಣ ಭಾರತ. ಇದನ್ನು ಮಕ್ಕಳು ಹೆಮ್ಮೆಯಿಂದ ತಿಳಿದಿರಬೇಕು. ಪಾಲ್ ಬ್ರ್ಯಾಂಡ್ ೧೯೧೪ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದವರು, ಇಂಗ್ಲೆಂಡಿನಲ್ಲಿ ಓದಿದವರು, ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಚೆಂಗಲ್ಪಟ್ಟಿನ ಕುಷ್ಠಧಾಮಕ್ಕೆ ಡಾ. ರಾಬರ್ಟ್ ಕಾಕ್ರೇನ್ ಅವರ ಜತೆಯಲ್ಲಿ ಹೋದಾಗ, ಮುದುಡಿದ ಕೈಯ ರೋಗಿಯೊಬ್ಬನ ಕೈಯಲ್ಲಿ ತಮ್ಮ ಕೈಯನ್ನಿಟ್ಟು ಹಿಡಿಯಲು ಹೇಳಿದರು. ಆತ ಹಿಡಿದ ಬಲಕ್ಕೆ ವೈದ್ಯರಿಗೆ ನೋವಾಯಿತು. ಎಲ್ಲರೂ ನಿರ್ಜೀವವೆಂದು ಬಿಟ್ಟ ಕೈಯಲ್ಲಿ ಬಲಿಷ್ಠವಾದ ಸ್ನಾಯುಗಳು ಸುಮ್ಮನೆ ಕುಳಿತಿದ್ದವು! ಮುಂದೋಳಿನ ಸ್ನಾಯುಗಳು ಕೆಟ್ಟಿರಲಿಲ್ಲ, ಅಂಗೈಯವು ಮಾತ್ರ ಕೆಟ್ಟಿದ್ದವು. ಬಲವುಳ್ಳ ಕಡೆಯಿಂದ ಒಂದನ್ನು ಕಡ ತಂದು ಬಲವಿಲ್ಲದ ಕಡೆಗೆ ಕಟ್ಟಬಾರದೇಕೆ ಎಂದು ಅವರು ಯೋಚಿಸಿದರು. ಪೋಲಿಯೋ ಪೀಡಿತರಿಗೆ ಇಂತಹ ಶಸ್ತ್ರಕ್ರಿಯೆ ನಡೆಯುತ್ತಿತ್ತು. ಕುಷ್ಠರೋಗಿಗೆ ಯಾರೂ ಮಾಡಿರಲಿಲ್ಲ. ಕುಷ್ಠರೋಗಿಯ ಮಾಂಸ ಕೊಳೆಯುವಂಥದು, ಕೊಯ್ದರೆ ಕೂಡುವುದಿಲ್ಲ ಎಂದು ವೈದ್ಯರೇ ನಂಬಿದ್ದ ಕಾಲ. ೧೯೪೮ರ ಸುಮಾರಿಗೆ ಶಸ್ತ್ರಕ್ರಿಯೆಗಳು ಆರಂಭವಾದವು. ಗಾಯಗಳು ಎಲ್ಲರ ಗಾಯಗಳಂತೆಯೇ ಕೂಡಿಕೊಂಡವು. ೧೯೫೫ರಲ್ಲಿ ವೆಲ್ಲೂರಿನ ಬಳಿ ಕರಿಗಿರಿಯ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. ಬ್ರ್ಯಾಂಡರ ಶಿಷ್ಯರಲ್ಲಿ ಡಾ. ಮೇರಿ ವರ್ಗೀಸ್ ಒಬ್ಬರು. ೧೯೫೪ರಲ್ಲಿ ವಾಹನದ ಅಪಘಾತದಿಂದ ಸೊಂಟದ ಕೆಳಗೆ ಪೂರ್ತಿ ಸ್ವಾಧೀನ ತಪ್ಪಿದ ಈ ತರುಣಿ, ಗಾಲಿಕುರ್ಚಿಯಲ್ಲಿ ಕುಳಿತೇ ಈ ರೋಗಿಗಳ ಕೈಗಳಿಗೆ ಶಸ್ತ್ರಕ್ರಿಯೆ ಮಾಡಿದರು.

ಶಸ್ತ್ರಕ್ರಿಯೆಯ ಯುಕ್ತಿ ಕೇಳಲು ಸ್ವಾರಸ್ಯವಾಗಿದೆ. ಹೆಬ್ಬೆರಳನ್ನು ಬಿಟ್ಟು ಉಳಿದ ಪ್ರತಿಯೊಂದು ಬೆರಳನ್ನು ಮಡಿಸಲು ನಮಗೆ ಎರಡೆರಡು ಸ್ನಾಯುರಜ್ಜುಗಳಿವೆ. ಒಂದನ್ನು ತೆಗೆದರೂ ಮತ್ತೊಂದು ಕೆಲಸ ನಡೆಸುತ್ತದೆ. ಶಸ್ತ್ರವೈದ್ಯರು ನಡುಬೆರಳಿನ ಒಂದು ರಜ್ಜುವನ್ನು ಬಿಡಿಸಿ, ಅದನ್ನು ಉದ್ದಕ್ಕೆ ನಾಲ್ಕು ಎಳೆಯಾಗಿ ಸೀಳಿ, ಒಂದೊಂದು ಎಳೆಯನ್ನು ಒಂದೊಂದು ಬೆರಳಿಗೆ ಜೋಡಿಸುತ್ತಾರೆ. ಬೇರೆ ಪದ್ಧತಿಗಳೂ ಇವೆ. ಮೊಣಕಾಲ ಕೆಳಗೆ ದಾರದಂಥ ಒಂದು ರಜ್ಜುವಿದೆ, ಅದಿಲ್ಲದೆಯೂ ನಡೆಯಬಹುದು. ಅದನ್ನು ತೆಗೆದು ಕೈಯಲ್ಲಿ ನೇಯುವುದೂ ಉಂಟು. ಪಾದ ಜೋತುಬಿದ್ದು ಬೆರಳು ನೆಲಕ್ಕೆ ಎಳೆಯುವವರಿಗೆ ಕಾಲಿನ ಹಿಂಭಾಗದ ರಜ್ಜುವನ್ನು ಮುಂದಕ್ಕೆ ತಂದು ಕಟ್ಟುತ್ತಾರೆ. ಮುಚ್ಚದ ರೆಪ್ಪೆಗೆ ಕೆನ್ನೆಯ ಮೇಲಿನ, ಅಗಿಯುವ ಸ್ನಾಯುವಿನ ಬಲವನ್ನು ಎರವಲು ಕೊಡುತ್ತಾರೆ. ಅಂತಹವರು ಹಲ್ಲು ಕಚ್ಚಿದರೆ ಕಣ್ಣು ಮುಚ್ಚುತ್ತದೆ.

ಆದರೆ ಇದು ಎಲ್ಲರಿಗೂ ಎಂದೆಂದೂ ಮಾಡುವಂಥದಲ್ಲ. ಔಷಧೋಪಚಾರ ಕನಿಷ್ಠ ಆರು ತಿಂಗಳಾದರೂ ನಡೆದಿರಬೇಕು, ನರದಲ್ಲಿ ಊತ ನೋವುಗಳು ಬಹುದಿನಗಳಿಂದ ಇಲ್ಲದಿರಬೇಕು, ಬೆರಳ ಸಂದುಗಳು ಬಿಗಿದು ಗಟ್ಟಿಯಾಗಿರಬಾರದು. ಬಿಗಿದಿದ್ದರೆ ಮೊದಲು ಎಣ್ಣೆ ತಿಕ್ಕಿ, ವ್ಯಾಯಾಮ ಮಾಡಿಸಿ ಸಡಿಲಿಸಬೇಕು. ಕೊಯ್ಲಿಗಿಂತ ಉಳುಮೆಗೆ ಹೆಚ್ಚು ದಿನ ಬೇಕೆಂಬುದು ಒಕ್ಕಲಿಗರಿಗೆ ಹೇಳಬೇಕಾದ್ದಿಲ್ಲ.

ನಿಜವಾದ ಕಷ್ಟ ಮೊದಲಾಗುವುದು ಆಮೇಲೆ. ಮೂರು ನಾಲ್ಕು ವಾರ ಕೈ ಪ್ಲಾಸ್ಟರಿನಲ್ಲಿರುತ್ತದೆ. ಬಿಚ್ಚಿದ ದಿನ ರೋಗಿ ನೋಡುತ್ತಾನೆ: ಕೈ ನೆಟ್ಟಗಿದೆ, ಆದರೆ ಮಾತು ಕೇಳುವುದಿಲ್ಲ. ಇಷ್ಟು ವರುಷ ನಡುಬೆರಳನ್ನು ಮಡಿಸುತ್ತಿದ್ದ ಸ್ನಾಯು ಈಗ ಬೇರೆಯ ಕೆಲಸ ಮಾಡಬೇಕು, ಮಿದುಳಿಗೆ ಅದು ತಿಳಿಯದು. ಕೂಸು ಕಲಿಯುವಂತೆ ಮೊದಲಿನಿಂದ ಕಲಿಯಬೇಕು. ಮತ್ತೆ ನಾಲ್ಕು ವಾರ, ದಿನಕ್ಕೆ ಹಲವು ಬಾರಿ, ಅದೇ ಅದೇ ಚಲನೆ. ರಜ್ಜು ಕಿತ್ತುಹೋದೀತೆಂಬ ಭಯದಿಂದ ಭಾರ ಎತ್ತುವಂತಿಲ್ಲ. ದಿನಗೂಲಿಯವನಿಗೆ ಎರಡು ತಿಂಗಳು ಕೂಲಿಯಿಲ್ಲದೆ ಕೂಡುವುದೇನೆಂದು ನಿಮಗೆ ನಾನು ಹೇಳುವುದೇಕೆ? ಈ ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ಕೂಲಿಯ ನಷ್ಟ ತುಂಬಲು ಸರಕಾರವು ಪ್ರೋತ್ಸಾಹಧನ ಕೊಡುತ್ತದೆ, ಕೇಳಿ ಪಡೆಯಬೇಕು.

ನನಗೆ ಪರಿಚಿತನಾದ ಒಬ್ಬ ಗೌಂಡಿಯಿದ್ದಾನೆ. ಹೆಸರು, ಊರು ಬೇಡ. ಬಲಗೈ ಮುದುಡಿ ಕರಣೆ ಹಿಡಿಯಲಾಗದೆ ಗುತ್ತೇದಾರನೊಬ್ಬ ಕೆಲಸದಿಂದ ಬಿಡಿಸಿದ್ದನು. ಶಸ್ತ್ರಕ್ರಿಯೆಯಾಗಿ ಮೂರನೆಯ ತಿಂಗಳು ಅವನನ್ನು ನೋಡಲು ಹೋದೆನು. ಕರಣೆಯ ಹಿಡಿಗೆ ಹಳೆಯ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡು ಅಂಗಳದಲ್ಲಿ ಮಣ್ಣು ಬಳಿದು ಅಭ್ಯಾಸ ಮಾಡುತ್ತಿದ್ದನು. “ಕೈ ಏನೋ ಸರಿ ಆತ್ರೀ ಸರ. ಆದ್ರ ಹಿಡಿದದ್ದು ಗೊತ್ತಾಗಂಗಿಲ್ರೀ, ಕಣ್ಣಿಲೆ ನೋಡಬೇಕ್ರಿ” ಎಂದನು. ಪುಸ್ತಕಗಳಲ್ಲಿ ಪುಟಗಟ್ಟಲೆ ಬರೆದದ್ದನ್ನು ಆತ ಎರಡೇ ಮಾತಿನಲ್ಲಿ ಹೇಳಿದನು. ಶಸ್ತ್ರಕ್ರಿಯೆ ಚಲನೆಯನ್ನು ಮರಳಿಸುತ್ತದೆ, ಸ್ಪರ್ಶವನ್ನಲ್ಲ. ಇನ್ನು ಜೀವಮಾನವೆಲ್ಲ ಚರ್ಮದ ಕೆಲಸವನ್ನು ಕಣ್ಣು ಮಾಡಬೇಕು.

ಬ್ರ್ಯಾಂಡರು ಕಂಡುಕೊಂಡ ದೊಡ್ಡ ಸತ್ಯ ಇದೇ ಎಂದು ನನ್ನ ಅಭಿಪ್ರಾಯ, ಶಸ್ತ್ರಕ್ರಿಯೆಗಿಂತಲೂ ದೊಡ್ಡದು. ತುಕ್ಕು ಹಿಡಿದ ಬೀಗವನ್ನು ಅವರಿಂದ ತೆರೆಯಲಾಗದಾಗ ಒಬ್ಬ ಹುಡುಗ ಸಲೀಸಾಗಿ ತೆರೆದನಂತೆ. ನೋಡಿದರೆ ಬೀಗದ ಕೈ ಅವನ ಬೆರಳನ್ನು ಎಲುಬಿನವರೆಗೆ ಸೀಳಿತ್ತು, ಅವನಿಗೆ ಅದರ ಅರಿವೇ ಇಲ್ಲ. ರಾತ್ರಿ ಮಲಗಿದ್ದವರ ಬೆರಳು ಬೆಳಗಾಗುವಷ್ಟರಲ್ಲಿ ಸವೆದಿರುವುದೇಕೆಂದು ಕಾವಲು ಕುಳಿತು ನೋಡಿದಾಗ, ಇಲಿಗಳು ಕಡಿಯುತ್ತಿದ್ದುದು ತಿಳಿಯಿತು. ಅಂದಿನಿಂದ ಮನೆಗೆ ಹೋಗುವ ರೋಗಿಗಳ ಜತೆಯಲ್ಲಿ ಒಂದೊಂದು ಬೆಕ್ಕನ್ನು ಕಳುಹಿಸುತ್ತಿದ್ದರು! ಬೆರಳುಗಳು ರೋಗದಿಂದ ಉದುರುವುದಿಲ್ಲ. ನೋವು ತಿಳಿಯದ್ದರಿಂದ ಸುಟ್ಟು, ಸೀಳಿ, ಸೋಂಕು ತಗುಲಿ ನಷ್ಟವಾಗುತ್ತವೆ. ನೋವು ದೇವರ ಕೊಡುಗೆಯೆಂದು ಬ್ರ್ಯಾಂಡರು ಹೇಳುತ್ತಿದ್ದುದು ಅದಕ್ಕಾಗಿಯೇ.

ಅಂಗಾಲಿನ ಹುಣ್ಣಿನ ಕಥೆಯೂ ಹೀಗೆಯೇ. ಗಾರೆಯ ಚೂರು ಚುಚ್ಚಿದ್ದು ತಿಳಿಯದೆ ಅದರ ಮೇಲೆಯೇ ನಡೆದರೆ ಹುಣ್ಣಾಗಿ ಎಲುಬನ್ನು ಮುಟ್ಟುತ್ತದೆ. ಸತ್ತ ಎಲುಬನ್ನು ಶಸ್ತ್ರವೈದ್ಯರು ತೆಗೆದರೂ, ವಿಶ್ರಾಂತಿಯಿಲ್ಲದೆ ಅದು ಮಾಯುವುದಿಲ್ಲ. ಪಾದಕ್ಕೆ ಅಂಟಿದಂತೆ ಪ್ಲಾಸ್ಟರು ಹಾಕಿ ಭಾರ ಹಂಚುವ ಪದ್ಧತಿ, ಮೃದುವಾದ ಸೂಕ್ಷ್ಮರಂಧ್ರ ರಬ್ಬರಿನ ಚಪ್ಪಲಿ ಇವು ಕುಷ್ಠರೋಗಿಗಳ ಸೇವೆಯಲ್ಲಿ ಬೆಳೆದು ಬಂದವು. ಇಂದು ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ ಶ್ರೀಮಂತರೂ ಲೋಕದೆಲ್ಲೆಡೆ ಅದೇ ಉಪಚಾರವನ್ನು ಪಡೆಯುತ್ತಿದ್ದಾರೆ. ಯಾರನ್ನು ಊರ ಹೊರಗಿಟ್ಟೆವೋ ಅವರ ಕಾಲಿನಿಂದ ಕಲಿತ ವಿದ್ಯೆ!

ವೆಲ್ಲೂರಿನಲ್ಲಿ ಕೈ ಸರಿಯಾದ ಕೆಲವರು ಮರಳಿ ಬಂದು, ಈ ಕೈ ಭಿಕ್ಷೆಗೆ ಬಾರದು ಎಂದು ದೂರಿದರಂತೆ. ಮುದುಡಿದ ಕೈಗೆ ಕಾಸು ಬೀಳುತ್ತಿತ್ತು. ನೆಟ್ಟಗಿನ ಕೈಗೆ ಕಾಸೂ ಇಲ್ಲ, ಗುರುತು ಉಳಿದದ್ದರಿಂದ ಕೆಲಸವೂ ಇಲ್ಲ. ಅದಕ್ಕಾಗಿ ಅಲ್ಲಿ ಕಸುಬು ಕಲಿಸುವ ಕೇಂದ್ರವನ್ನು ತೆರೆಯಬೇಕಾಯಿತು. ನಮ್ಮ ಗೌಂಡಿಗೂ ಕೈ ಬಂದ ಮೇಲೆ ಐದು ತಿಂಗಳು ಕೆಲಸ ಸಿಗಲಿಲ್ಲ. ಶಸ್ತ್ರವೈದ್ಯರ ಕತ್ತರಿ ತಲುಪದ ಜಾಗವದು. ಅಲ್ಲಿಗೆ ತಲುಪಬೇಕಾದವರು ಈ ಸಭೆಯಲ್ಲಿರುವ ಮೇಸ್ತ್ರಿಗಳು, ಗುತ್ತೇದಾರರು, ಮನೆಯ ಮಾಲಿಕರು.

ಕಾನೂನು ಕೂಡ ಬಹುಕಾಲ ಈ ಜನರ ವಿರುದ್ಧವಾಗಿಯೇ ಇತ್ತು. ಬ್ರಿಟಿಷರು ೧೮೯೮ರಲ್ಲಿ ಮಾಡಿದ ಕುಷ್ಠರೋಗಿಗಳ ಕಾಯಿದೆ ರದ್ದಾದದ್ದು ೨೦೧೬ರಲ್ಲಿ. ಕುಷ್ಠರೋಗವನ್ನು ವಿವಾಹವಿಚ್ಛೇದನಕ್ಕೆ ಕಾರಣವೆಂದು ಹೇಳುತ್ತಿದ್ದ ಮಾತುಗಳನ್ನು ತೆಗೆದುಹಾಕಲು ೨೦೧೯ರವರೆಗೆ ಕಾಯಬೇಕಾಯಿತು. ಗೋವೆಯಲ್ಲಿ ಸಾಷ್ಟಿಯ ಮಾಕಜಾನದಲ್ಲಿ ೧೯೩೪ರಲ್ಲಿ ಡಾ. ಫ್ರೊಯ್ಲಾನೊ ದ ಮೆಲೊ ಅವರ ಪ್ರಯತ್ನದಿಂದ ಕುಷ್ಠಧಾಮವಾಯಿತು. ರೋಗಿಗಳನ್ನು ಬೇರೆ ಇಡುವುದೇ ಉಪಾಯವೆಂದು ಲೋಕವೆಲ್ಲ ತಿಳಿದಿದ್ದ ಕಾಲದಲ್ಲಿ ಅದು ಉಪಕಾರವೇ ಸರಿ. ಇಂದು ಬೇರೆ ಇಡಬೇಕಾದ ಕಾರಣವಿಲ್ಲ. ೨೦೦೫ರ ಕೊನೆಗೆ ಭಾರತದಲ್ಲಿ ರೋಗಿಗಳ ಸಂಖ್ಯೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಅದನ್ನು ಕೇಳಿ ರೋಗವೇ ಹೋಯಿತೆಂದು ಕೆಲವರು ತಿಳಿದರು. ಹೋಗಿಲ್ಲ, ನಮ್ಮ ದೇಶದಲ್ಲಿ ವರುಷಕ್ಕೆ ಒಂದು ಲಕ್ಷದಷ್ಟು ಹೊಸ ರೋಗಿಗಳು ಗೊತ್ತಾಗುತ್ತಿದ್ದಾರೆ.

ಈಗ ಮಾಡಬೇಕಾದ್ದನ್ನು ಹೇಳಿ ಮುಗಿಸುತ್ತೇನೆ. ಹಬ್ಬದ ಅಭ್ಯಂಗನದಂದು ತಾಯಂದಿರು ಮಕ್ಕಳ ಬೆನ್ನು, ತೋಳುಗಳನ್ನು ಬೆಳಕಿನಲ್ಲಿ ನೋಡಿರಿ. ಸ್ಪರ್ಶವಿಲ್ಲದ ಮಚ್ಚೆ ಕಂಡರೆ, ಕಿರುಬೆರಳು ಮಂಕಾದರೆ, ಕೈಯಿಂದ ಚಪ್ಪಲಿ, ಬಟ್ಟಲುಗಳು ಕಾರಣವಿಲ್ಲದೆ ಜಾರಿದರೆ, ಕುಡಚಡೆಯ ಸಮುದಾಯ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಬಾಂಬೋಳಿಯ ಗೋವಾ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಚರ್ಮರೋಗದ ವಿಭಾಗವಿದೆ. ಊರಿಗೆ ಹೋಗಿ ಬರುವ ನಡುವೆ ಗುಳಿಗೆ ತಪ್ಪಿಸಬೇಡಿರಿ. ಚೀಟಿಯನ್ನು ಜತೆಗಿಟ್ಟುಕೊಂಡರೆ ಬಾಗಲಕೋಟೆಯಲ್ಲಾದರೂ ಕೊಪ್ಪಳದಲ್ಲಾದರೂ ಅದೇ ಔಷಧ ದೊರೆಯುತ್ತದೆ. ಕೈ ಆಗಲೇ ಮುದುಡಿದ್ದರೆ ಶಸ್ತ್ರಚಿಕಿತ್ಸೆಯ ಅನುಕೂಲ ಎಲ್ಲಿದೆಯೆಂದು ಅಲ್ಲಿಯ ವೈದ್ಯರನ್ನೇ ಕೇಳಿರಿ. ಸಭೆ ಮುಗಿದ ಮೇಲೆ ನಾನು ಹಿಂದಿನ ಕೊಠಡಿಯಲ್ಲಿ ಇರುತ್ತೇನೆ. ಎಲ್ಲರೆದುರಿಗೆ ಕೇಳಲು ಸಂಕೋಚಪಡುವವರು ಅಲ್ಲಿಗೆ ಬರಬಹುದು, ಬಾಗಿಲು ಮುಂದೆ ಮಾಡಿಕೊಂಡು ಮಾತನಾಡೋಣ.